ಗಣಕದಲ್ಲಿ ಕನ್ನಡ ಕೆಡುವುದೇಕೆ?

ಕೈಬರಹದ ಕಾಲದಲ್ಲಿ ಒಂದು ಲೇಖನವನ್ನು ನಕಲು ಮಾಡುವುದೆಂದರೆ ಕುಳಿತು ಬರೆಯುವ ಕೆಲಸವಾಗಿತ್ತು. ಬರೆಯುವವನು ತೂಕಡಿಸಿದರೆ ಒಂದು ಸಾಲು ಬಿಟ್ಟುಹೋಗಬಹುದಾಗಿತ್ತು. ಒಂದು ಒತ್ತಕ್ಷರ ತಪ್ಪಬಹುದಾಗಿತ್ತು. ಆದರೆ ‘ಕನ್ನಡ’ ಎಂಬ ಪದವನ್ನು ನೋಡಿ ಬರೆಯಹೊರಟವನ ಲೇಖನಿಯಿಂದ ಬ್ರಿಟಿಷ್ ಪೌಂಡಿನ ಚಿಹ್ನೆ ಇಳಿದುಬಂದ ಉದಾಹರಣೆ ಎಲ್ಲಿಯೂ ಇರಲಾರದು. ಅಂಥ ಚಮತ್ಕಾರ ನಡೆಯುವುದು ಗಣಕಯಂತ್ರದಲ್ಲಿ ಮಾತ್ರ.

ಈ ವರ್ಷದ ವಾರ್ಷಿಕ ಸಂಚಿಕೆಗೆ ಬಂದ ಲೇಖನಗಳನ್ನೆಲ್ಲ ಒಂದೇ ಕಡತದಲ್ಲಿ ಸೇರಿಸಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಸುಲಭದ ಕೆಲಸವೆಂದೇ ಒಪ್ಪಿಕೊಂಡೆ. ಒಂದು ಕಡತದಿಂದ ನಕಲಿಸುವುದು, ಇನ್ನೊಂದರಲ್ಲಿ ಅಂಟಿಸುವುದು. ಇದರಲ್ಲಿ ಪಾಂಡಿತ್ಯವೇನು ಬೇಕು? ಆದರೆ ಬಂದ ಹದಿನೇಳು ಲೇಖನಗಳ ಪೈಕಿ ಆರು, ಅಂಟಿಸಿದೊಡನೆ ರೂಪಗೆಟ್ಟವು. ಒಬ್ಬ ಗೆಳತಿಯ ಕವಿತೆಯಲ್ಲಿ ಇಂಗ್ಲಿಷ್ ಅಕ್ಷರಗಳೂ ಯೂರೋಪಿನ ಯಾವುದೋ ಭಾಷೆಯ ಚಿಹ್ನೆಗಳೂ ತುಂಬಿಕೊಂಡವು. ಒಬ್ಬ ಗೆಳೆಯನ ಪ್ರಬಂಧ ಬರಿಯ ಚೌಕಗಳ ಸಾಲಾಯಿತು. ಮತ್ತೊಂದರಲ್ಲಿ ಅಕ್ಷರಗಳೇನೋ ಕನ್ನಡದವೇ. ಆದರೆ ಒತ್ತುಗಳು ತಮ್ಮ ಒಡೆಯರನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಕುಳಿತಿದ್ದವು. ನೋಡಿದವರೆಲ್ಲರೂ ಒಂದೊಂದು ಕಾರಣ ಹೇಳಿದರು. ‘ವೈರಸ್ ಬಂದಿದೆ’ ಎಂದನೊಬ್ಬ. ‘ಪೆನ್‌ಡ್ರೈವ್ ಸರಿಯಿಲ್ಲ’ ಎಂದನಿನ್ನೊಬ್ಬ. ನನಗೆ ಬೇಸರ ತಂದದ್ದು ಮೂರನೆಯವನ ಮಾತು: ‘ಕನ್ನಡದ ಹಣೆಬರಹವೇ ಇಷ್ಟು, ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ತಾಪತ್ರಯ ಇರುತ್ತಿತ್ತೆ?’

ಈ ಮೂರನೆಯ ಮಾತು ಸುಳ್ಳು ಎಂದು ತೋರಿಸುವುದೂ, ಕೆಟ್ಟ ಬರಹದಲ್ಲಿ ಸರಿಪಡಿಸಬಹುದಾದದ್ದು ಯಾವುದು, ಶಾಶ್ವತವಾಗಿ ಹೋದದ್ದು ಯಾವುದು ಎಂಬುದನ್ನು ತಿಳಿಯುವ ಬಗೆಯನ್ನು ಹೇಳುವುದೂ ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿ, ಗಣಕವಿಜ್ಞಾನಿಯಲ್ಲ. ಅವಶ್ಯಕತೆ ಬಿದ್ದು ಕಲಿತದ್ದನ್ನು ಹೇಳುತ್ತಿದ್ದೇನೆ.

ಮೊದಲು ಈ ವಿದ್ಯೆಯ ಪೂರ್ವೋತ್ತರವನ್ನು ಎರಡು ಮಾತುಗಳಲ್ಲಿ ನೋಡೋಣ. ಹಿಂದೆ ಪುಸ್ತಕಗಳ ಸಂಪಾದಕರು ಹಸ್ತಪ್ರತಿಯನ್ನು ನಿಜವಾದ ಕತ್ತರಿಯಿಂದಲೇ ಕತ್ತರಿಸಿ, ನಿಜವಾದ ಅಂಟಿನಿಂದಲೇ ಬೇರೆಡೆ ಅಂಟಿಸುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಎಂಬಿಬ್ಬರು ೧೯೭೦ರ ದಶಕದ ಮಧ್ಯಭಾಗದಲ್ಲಿ, ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಯ ಸಂಪಾದಕರಿಗಾಗಿ ‘ಜಿಪ್ಸಿ’ ಎಂಬ ಬರಹದ ತಂತ್ರಾಂಶವನ್ನು ರಚಿಸಿದರು. ಕತ್ತರಿ ಮತ್ತು ಅಂಟಿನ ಕೆಲಸ ಪರದೆಯ ಮೇಲೆ ಬಂದದ್ದು ಹೀಗೆ. ಆಪಲ್ ಸಂಸ್ಥೆಯ ೧೯೮೩ರ ಲಿಸಾ ಮತ್ತು ೧೯೮೪ರ ಮ್ಯಾಕಿಂಟಾಷ್ ಗಣಕಗಳ ಮೂಲಕ ಅದು ಜನಬಳಕೆಗೆ ಇಳಿಯಿತು. ೨೦೨೦ರಲ್ಲಿ ತೀರಿಕೊಂಡ ಟೆಸ್ಲರ್ ಅವರ ಹೆಸರನ್ನು ಕೇಳದವರೂ ಅವರ ಉಪಕಾರವನ್ನು ದಿನವೂ ಪಡೆಯುತ್ತಿದ್ದಾರೆ.

ಈಗ ಪ್ರಕೃತ ವಿಷಯಕ್ಕೆ ಬರೋಣ. ನಾವು ‘ಕನ್ನಡ’ ಎಂಬ ಪದವನ್ನು ನಕಲಿಸಿದಾಗ ಗಣಕ ನಕಲಿಸುವುದು ಏನನ್ನು? ಕಣ್ಣಿಗೆ ಕಾಣುವ ದುಂಡಗಿನ ಆಕಾರಗಳನ್ನಲ್ಲ. ಗಣಕಕ್ಕೆ ಅಕ್ಷರವೆಂಬುದಿಲ್ಲ, ಅದಕ್ಕೆ ಇರುವುದು ಅಂಕಿ ಮಾತ್ರ. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಿದೆ. ಯಂತ್ರ ಆ ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ತೋರಿಸಬೇಕಾದಾಗ ಫಾಂಟ್ ಎಂಬ ಆಕಾರಗಳ ಭಂಡಾರದಿಂದ ಆಯಾ ಸಂಖ್ಯೆಯ ಆಕಾರವನ್ನು ತೆಗೆದು ಪರದೆಯ ಮೇಲೆ ಹರಡುತ್ತದೆ. ನಕಲಿಸಿದಾಗ ಹೋಗುವುದು ಸಂಖ್ಯೆ. ಅಂಟಿಸಿದಲ್ಲಿ ಆ ಸಂಖ್ಯೆಗೆ ಬೇರೆ ಅರ್ಥವಿದ್ದರೆ ಬೇರೆ ಆಕಾರ ಕಾಣುತ್ತದೆ. ಎಲ್ಲ ತೊಡಕುಗಳ ಮೂಲವೂ ಇಷ್ಟೆ: ಕಾಣುವುದು ಬೇರೆ, ಇರುವುದು ಬೇರೆ.

ಹಳೆಯ ಅಚ್ಚಿನಮನೆಯ ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಮೊಳೆ ಜೋಡಿಸುವವನ ಮುಂದೆ ಖಾನೆಖಾನೆಗಳ ಪೆಟ್ಟಿಗೆ ಇರುತ್ತಿತ್ತು. ಅವನು ಬೇರೊಂದು ಊರಿನ ಅಚ್ಚಿನಮನೆಗೆ ‘೮೦ನೆಯ ಖಾನೆಯ ಮೊಳೆ, ಆಮೇಲೆ ೧೯೨ನೆಯದು’ ಎಂದು ಖಾನೆಯ ಸಂಖ್ಯೆಗಳನ್ನಷ್ಟೆ ಬರೆದು ಕಳುಹಿಸಿದನೆಂದು ಊಹಿಸಿಕೊಳ್ಳಿ. ಅಲ್ಲಿಯ ಪೆಟ್ಟಿಗೆಯೂ ಹೀಗೆಯೇ ತುಂಬಿದ್ದರೆ ಕನ್ನಡ ಬರುತ್ತದೆ. ಅಲ್ಲಿ ಇಂಗ್ಲಿಷ್ ಮೊಳೆಗಳಿದ್ದರೆ? ಅಲ್ಲಿಯವನು ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತಾನೆ. ಫಲ ಮಾತ್ರ ವಿಚಿತ್ರವಾಗುತ್ತದೆ.

ಇದು ಕೇವಲ ಕಲ್ಪನೆಯಲ್ಲ. ೧೯೬೩ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತಕ್ರಮದಲ್ಲಿ ೧೨೮ ಸ್ಥಾನಗಳು ಮಾತ್ರ ಇದ್ದವು. ಮುಂದೆ ಯೂರೋಪಿನ ಭಾಷೆಗಳ ಅನುಕೂಲಕ್ಕಾಗಿ ಅದನ್ನು ೨೫೬ಕ್ಕೆ ಹಿಗ್ಗಿಸಿದರು. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. ನಮ್ಮವರು ಕೈಕಟ್ಟಿ ಕೂರಲಿಲ್ಲ. ಆ ೨೫೬ ಖಾನೆಗಳಲ್ಲಿ ಇಂಗ್ಲಿಷ್ ಮೊಳೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದರು. ನಮ್ಮ ಕಾಗುಣಿತ, ಒತ್ತಕ್ಷರಗಳ ರೂಪಗಳನ್ನೆಲ್ಲ ಇಡಿಯಾಗಿ ಕೂರಿಸಲು ಆ ಪೆಟ್ಟಿಗೆ ಸಾಲದು. ಆದ್ದರಿಂದ ಅಕ್ಷರವನ್ನು ತುಂಡುಗಳಾಗಿ ಒಡೆದು, ತಲೆಕಟ್ಟು ಒಂದು ಖಾನೆಗೆ, ತಲೆಕಟ್ಟಿಲ್ಲದ ‘ಕ’ ಇನ್ನೊಂದಕ್ಕೆ, ಒತ್ತು ಮತ್ತೊಂದಕ್ಕೆ ಎಂದು ಹಂಚಿದರು. ಕರ್ನಾಟಕದಲ್ಲಿ ಬಹಳವಾಗಿ ಬಳಕೆಗೆ ಬಂದ ಇಂಥ ಒಂದು ಕ್ರಮದಲ್ಲಿ ‘ಕನ್ನಡ’ ಎಂಬ ಪದ ೮೦, ೧೯೨, ೧೬೩, ೧೯೨, ೨೨೩, ೧೧೩, ೧೯೨ ಎಂಬ ಏಳು ಸಂಖ್ಯೆಗಳಾಗಿ ಕುಳಿತಿರುತ್ತದೆ. ಕನ್ನಡ ಫಾಂಟ್ ಇರುವವರೆಗೆ ಅದು ಚೆಂದವಾಗಿ ಕಾಣುತ್ತದೆ. ಫಾಂಟಿನ ಸಹವಾಸ ತಪ್ಪಿತೆಂದರೆ, ಅವೇ ಏಳು ಸಂಖ್ಯೆಗಳು ತಮ್ಮ ಪೂರ್ವಾಶ್ರಮದ ರೂಪವನ್ನು ತಾಳುತ್ತವೆ. ಆಗ ಕಾಣುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆಗೀಟುಳ್ಳ ದೊಡ್ಡ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯು, ಕೊನೆಗೆ ಮತ್ತೊಮ್ಮೆ ಅದೇ ಎ. ಮೇಲಿಂದ ಮೇಲೆ ಬರುವ ಆ ಓರೆಗೀಟಿನ ಎ ಬೇರೇನೂ ಅಲ್ಲ, ನಮ್ಮ ತಲೆಕಟ್ಟು. ಇದನ್ನು ಅರಿತ ಮೇಲೆ ಗೆಳತಿಯ ಕವಿತೆ ನನಗೆ ಗೀಚಾಗಿ ಕಾಣಲಿಲ್ಲ. ವೇಷ ಮರೆಸಿಕೊಂಡ ಕನ್ನಡವಾಗಿ ಕಂಡಿತು.

ಇಂಥ ಫಾಂಟ್‌ಗಳನ್ನು ಮಾಡಿದವರನ್ನು ದೂಷಿಸುವುದು ನ್ಯಾಯವಲ್ಲ. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಹೊರಬಂದಾಗಲಾಗಲಿ, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿದಾಗಲಾಗಲಿ, ಸಾಮಾನ್ಯ ಬಳಕೆಯ ಗಣಕಗಳಲ್ಲಿ ಕನ್ನಡವನ್ನು ತೋರಿಸಲು ಇದ್ದ ಸುಲಭವಾದ ದಾರಿ ಅದೇ. ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಡನೆ ಬಂದದ್ದು ೨೦೦೧ರಲ್ಲಿ. ಅಲ್ಲಿಯವರೆಗೆ, ಅದರ ಬಳಿಕವೂ ಬಹುಕಾಲ, ಕನ್ನಡ ಗಣಕದಲ್ಲಿ ಉಳಿದದ್ದು ಈ ತಂತ್ರಾಂಶಗಳ ಬಲದಿಂದ. ಮುಂದೆ ಇವೆರಡೂ ಹೊಸ ಕ್ರಮವನ್ನು ಅಳವಡಿಸಿಕೊಂಡು, ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಸಾಧನವನ್ನೂ ಒದಗಿಸಿದವು.

ಆ ಹೊಸ ಕ್ರಮವೇ ಯುನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಬೇರೆಲ್ಲೂ ಬಾರದ ಸ್ವಂತ ಸಂಖ್ಯೆಯನ್ನು ಕೊಡುವುದು ಅದರ ತತ್ತ್ವ. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ೩೨೦೦ರಿಂದ ೩೩೨೭ರವರೆಗಿನ ೧೨೮ ಸಂಖ್ಯೆಗಳು ನಮ್ಮವು. ಅಲ್ಲಿ ‘ಕ’ಕಾರಕ್ಕೆ ೩೨೨೧, ‘ನ’ಕಾರಕ್ಕೆ ೩೨೪೦, ‘ಡ’ಕಾರಕ್ಕೆ ೩೨೩೩, ಸ್ವರವನ್ನು ತೆಗೆದುಹಾಕುವ ಅರ್ಧಾಕ್ಷರದ ಚಿಹ್ನೆಗೆ ೩೨೭೭. ಆದ್ದರಿಂದ ‘ಕನ್ನಡ’ ಎಂದರೆ ೩೨೨೧, ೩೨೪೦, ೩೨೭೭, ೩೨೪೦, ೩೨೩೩ ಎಂಬ ಐದು ಸಂಖ್ಯೆಗಳು. ಎರಡನೆಯ ‘ನ’ಕಾರವನ್ನು ಒತ್ತಾಗಿ ಕೆಳಗೆ ಬರೆಯಬೇಕೆಂಬುದನ್ನು ಯಂತ್ರವೇ ತಿಳಿದುಕೊಳ್ಳುತ್ತದೆ. ಹಳೆಯ ಕ್ರಮ ಆಕಾರಕ್ಕೆ ಸಂಖ್ಯೆ ಕೊಟ್ಟಿತು; ಯುನಿಕೋಡ್ ಉಚ್ಚಾರದ ಅನುಕ್ರಮದಲ್ಲಿ ಅಕ್ಷರಕ್ಕೆ ಸಂಖ್ಯೆ ಕೊಡುತ್ತದೆ. ನಮ್ಮ ವೈಯಾಕರಣರು ಕೇಳಿದ್ದರೆ ಮೆಚ್ಚುತ್ತಿದ್ದರೆಂದು ನನ್ನ ನಂಬಿಕೆ. ಹೀಗಿರುವಾಗ ಇಂಗ್ಲಿಷಿಗೆ ಇರುವ ಭದ್ರತೆ ಕನ್ನಡಕ್ಕಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ. ತೊಡಕು ಬಂದಿರುವುದು ಎರಡು ಕ್ರಮಗಳು ಒಂದೇ ಊರಿನಲ್ಲಿ ವಾಸವಾಗಿರುವುದರಿಂದ. ಯುನಿಕೋಡನ್ನು ಅರಿಯದ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಹೊಸ ಆವೃತ್ತಿಗಳು ೨೦೦೧ರಲ್ಲಿಯೇ ನಿಂತುಹೋದರೂ ಕೆಲವು ಅಚ್ಚಿನಮನೆಗಳಲ್ಲಿ ಅದರ ಬಳಕೆ ನಿಂತಿಲ್ಲ.

ಇನ್ನು ರೋಗಲಕ್ಷಣಗಳಿಗೆ ಬರುತ್ತೇನೆ. ವೈದ್ಯರು ನಾಡಿ ಹಿಡಿದು ರೋಗವನ್ನು ಹೇಳುವಂತೆ, ಕೆಟ್ಟ ಬರಹದ ಮುಖವನ್ನು ನೋಡಿಯೇ ಕಾರಣವನ್ನು ಹೇಳಬಹುದು.

ಮೊದಲನೆಯದು, ಮೇಲೆ ವರ್ಣಿಸಿದ ಇಂಗ್ಲಿಷ್ ಗೀಚು. ಓರೆಗೀಟಿನ ದೊಡ್ಡ ಎ ಪದೇ ಪದೇ ಬರುತ್ತಿದ್ದರೆ ಅದು ಹಳೆಯ ಫಾಂಟಿನ ಬರಹವೆಂದು ತಿಳಿಯಬಹುದು. ಇಲ್ಲಿ ಏನೂ ನಷ್ಟವಾಗಿಲ್ಲ. ಆ ಭಾಗವನ್ನು ಆಯ್ದುಕೊಂಡು ಮೂಲದ ಫಾಂಟನ್ನು ಮತ್ತೆ ಹಚ್ಚಿದರೆ ಕನ್ನಡ ಮರಳಿ ಬರುತ್ತದೆ. ಆದರೆ ಇದು ತಾತ್ಕಾಲಿಕ ಶಮನ. ಶಾಶ್ವತವಾದ ಚಿಕಿತ್ಸೆ ಯುನಿಕೋಡಿಗೆ ಪರಿವರ್ತಿಸುವುದು. ಪರಿವರ್ತಿಸುವಾಗ ಎರಡು ಎಚ್ಚರಗಳು ಅವಶ್ಯಕ. ಹಳೆಯ ಕ್ರಮದಲ್ಲಿ ೮೦ ಎಂಬ ಸಂಖ್ಯೆ ‘ಕ’ಕಾರದ ತುಂಡೂ ಹೌದು, ಇಂಗ್ಲಿಷಿನ ಪಿ ಅಕ್ಷರವೂ ಹೌದು. ಪರಿವರ್ತಕಕ್ಕೆ ಈ ಭೇದ ತಿಳಿಯದು. ಆದ್ದರಿಂದ ಲೇಖನದ ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಅವನ್ನು ಮೊದಲೇ ಬೇರೆ ಬರೆದಿಟ್ಟುಕೊಳ್ಳಬೇಕು. ಎರಡನೆಯದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ನಾವು ರಕಾರವನ್ನು ಮೊದಲು ಉಚ್ಚರಿಸಿ, ಅದರ ಚಿಹ್ನೆಯನ್ನು ಯಕಾರದ ನಂತರ ಬರೆಯುತ್ತೇವೆ. ಹಳೆಯ ಕ್ರಮದಲ್ಲಿ ಅದು ಬರೆದ ಜಾಗದಲ್ಲಿಯೂ, ಯುನಿಕೋಡಿನಲ್ಲಿ ಉಚ್ಚರಿಸಿದ ಜಾಗದಲ್ಲಿಯೂ ಇರುತ್ತದೆ. ಪರಿವರ್ತಕ ಒಳ್ಳೆಯದಲ್ಲದಿದ್ದರೆ ಸೂರ್ಯ, ಧರ್ಮ, ಕಾರ್ಯ ಈ ಮೂವರಿಗೂ ಗ್ರಹಣ ಹಿಡಿಯುತ್ತದೆ. ಪರಿವರ್ತನೆಯ ನಂತರ ಅರ್ಕಾವತ್ತಿನ ಪದಗಳನ್ನು ಒಮ್ಮೆ ಓದಿ ನೋಡುವುದು ಕ್ಷೇಮ.

ಒಂದು ಪ್ರಶ್ನೆ ಇಲ್ಲಿ ಏಳಬಹುದು. ಅದೇ ಬರಹ ಒಂದು ತಂತ್ರಾಂಶದಲ್ಲಿ ಅಂಟಿಸಿದರೆ ಸರಿಯಾಗಿಯೂ ಇನ್ನೊಂದರಲ್ಲಿ ಕೆಟ್ಟೂ ಕಾಣುವುದೇಕೆ? ನಾವು ನಕಲಿಸಿದ್ದು ನೇರವಾಗಿ ಗುರಿಯನ್ನು ಸೇರುವುದಿಲ್ಲ. ನಡುವೆ ಕ್ಲಿಪ್‌ಬೋರ್ಡ್ ಎಂಬ ತಂಗುದಾಣದಲ್ಲಿ ಇಳಿಯುತ್ತದೆ. ಅಲ್ಲಿ ಅದೇ ಬರಹವನ್ನು ಎರಡು ಮೂರು ರೂಪಗಳಲ್ಲಿ ಇಟ್ಟಿರುತ್ತಾರೆ. ಒಂದು, ಫಾಂಟು, ಬಣ್ಣ, ಗಾತ್ರಗಳ ಸಹಿತವಾದ ಅಲಂಕೃತ ರೂಪ. ಮತ್ತೊಂದು, ಬರಿಯ ಸಂಖ್ಯೆಗಳ ಸರಳ ರೂಪ. ಅಂಟಿಸುವ ತಂತ್ರಾಂಶ ತನಗೆ ಒಪ್ಪುವುದನ್ನು ಎತ್ತಿಕೊಳ್ಳುತ್ತದೆ. ಅಲಂಕಾರವನ್ನು ಬಲ್ಲ ತಂತ್ರಾಂಶ ಫಾಂಟಿನ ಹೆಸರನ್ನೂ ತೆಗೆದುಕೊಂಡದ್ದರಿಂದ ಕನ್ನಡ ಕಂಡಿತು. ಸರಳ ತಂತ್ರಾಂಶ ಸಂಖ್ಯೆಗಳನ್ನಷ್ಟೆ ತೆಗೆದುಕೊಂಡದ್ದರಿಂದ ಗುಟ್ಟು ರಟ್ಟಾಯಿತು. ಯುನಿಕೋಡ್ ಬರಹಕ್ಕೆ ಈ ಭಯವಿಲ್ಲ. ಅದನ್ನು ಅಲಂಕಾರವಿಲ್ಲದೆ ಅಂಟಿಸುವುದೇ ಮೇಲು. ಹಲವು ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ವಿ ಈ ಮೂರನ್ನು ಒಟ್ಟಿಗೆ ಒತ್ತಿದರೆ ಹಾಗೆ ಅಂಟುತ್ತದೆ. ಇನ್ನೊಂದು ಮಾತು: ಈ ತಂಗುದಾಣದಲ್ಲಿ ಸಾಮಾನ್ಯವಾಗಿ ಒಬ್ಬನೇ ಅತಿಥಿ. ಎರಡನೆಯದನ್ನು ನಕಲಿಸಿದೊಡನೆ ಮೊದಲನೆಯದು ಹೊರಬೀಳುತ್ತದೆ. ೨೦೧೮ರ ನಂತರದ ವಿಂಡೋಸ್‌ನಲ್ಲಿ ಹಿಂದಿನ ನಕಲುಗಳನ್ನೂ ಇಟ್ಟುಕೊಳ್ಳುವ ಏರ್ಪಾಡಿದೆ. ಆದರೆ ಅದನ್ನು ನಾವೇ ಚಾಲೂ ಮಾಡಿಕೊಳ್ಳಬೇಕು.

ಎರಡನೆಯ ಲಕ್ಷಣ, ಓರೆಗೀಟುಳ್ಳ ಸಣ್ಣ ಎ, ಅದರ ಪಕ್ಕದಲ್ಲಿ ಮೇಲೇರಿದ ಪುಟ್ಟ ಎರಡರ ಅಥವಾ ಮೂರರ ಅಂಕಿ, ಹೀಗೆ ಒಂದೇ ಸಮನೆ ಬರುವುದು. ಯುನಿಕೋಡ್ ಸಂಖ್ಯೆಗಳನ್ನು ಕಡತದಲ್ಲಿ ಇಡುವಾಗ ಯುಟಿಎಫ್-೮ ಎಂಬ ಕ್ರಮವನ್ನು ಅನುಸರಿಸುವುದು ವಾಡಿಕೆ. ಅದರಲ್ಲಿ ಕನ್ನಡದ ಒಂದೊಂದು ಅಕ್ಷರವೂ ಮೂರು ತುಂಡುಗಳಾಗುತ್ತದೆ. ‘ಕ’ ಎಂದರೆ ೨೨೪, ೧೭೮, ೧೪೯. ಇದು ಯುಟಿಎಫ್-೮ ಎಂದು ಅರಿಯದ ತಂತ್ರಾಂಶ ಮೂರು ತುಂಡುಗಳನ್ನೂ ಮೂರು ಬೇರೆ ಅಕ್ಷರಗಳೆಂದು ಬಗೆದು ತೋರಿಸುತ್ತದೆ. ಇಲ್ಲಿಯೂ ಬರಹ ಹಾಳಾಗಿಲ್ಲ. ಕಡತವನ್ನು ಉಳಿಸದೆ ಮುಚ್ಚಿ, ತೆರೆಯುವಾಗ ಸಂಕೇತಕ್ರಮ ಯುಟಿಎಫ್-೮ ಎಂದು ಆರಿಸಿದರೆ ಸಾಕು.

ಮೂರನೆಯದು ಖಾಲಿ ಚೌಕಗಳು. ಇದು ಎಲ್ಲಕ್ಕಿಂತ ನಿರಪಾಯವಾದದ್ದು. ಸಂಖ್ಯೆಗಳು ಸರಿಯಾಗಿವೆ, ಆ ಗಣಕದಲ್ಲಿ ಕನ್ನಡದ ಆಕಾರಗಳಿಲ್ಲ, ಅಷ್ಟೆ. ಗೆಳೆಯನ ಪ್ರಬಂಧವನ್ನು ಕನ್ನಡ ಫಾಂಟ್ ಇರುವ ಬೇರೆ ಗಣಕದಲ್ಲಿ ತೆರೆದೊಡನೆ ಅದು ನಗುತ್ತಾ ಎದ್ದುನಿಂತಿತು.

ನಾಲ್ಕನೆಯದು, ಒತ್ತು ಕೊಂಬುಗಳು ಚದುರಿಹೋಗಿ ನಡುನಡುವೆ ಚುಕ್ಕಿಗಳ ವೃತ್ತ ಕಾಣಿಸಿಕೊಳ್ಳುವುದು. ಇದು ಹೆಚ್ಚಾಗಿ ಪಿಡಿಎಫ್ ಕಡತದಿಂದ ನಕಲಿಸಿದಾಗ ಬರುತ್ತದೆ. ಪಿಡಿಎಫ್ ಎಂಬುದು ಪುಟವನ್ನು ಎಲ್ಲಿಯೂ ಒಂದೇ ರೀತಿ ಕಾಣಿಸಬೇಕೆಂಬ ಉದ್ದೇಶದಿಂದ ಹುಟ್ಟಿದ್ದು. ಯಾವ ಆಕಾರವನ್ನು ಪುಟದ ಯಾವ ಜಾಗದಲ್ಲಿ ಇಡಬೇಕು ಎಂಬುದೇ ಅದರ ಮುಖ್ಯ ಚಿಂತೆ. ಆ ಆಕಾರ ಯಾವ ಅಕ್ಷರದ್ದು ಎಂಬ ಕೋಷ್ಟಕವನ್ನು ಜೊತೆಗೆ ಇಟ್ಟಿರಬಹುದು, ಇಡದೆಯೂ ಇರಬಹುದು. ಇಂಗ್ಲಿಷಿನಲ್ಲಿ ಆಕಾರಕ್ಕೂ ಅಕ್ಷರಕ್ಕೂ ಹೆಚ್ಚಿನ ಭೇದವಿಲ್ಲದ್ದರಿಂದ ಕೆಲಸ ನಡೆದುಹೋಗುತ್ತದೆ. ಕನ್ನಡದಲ್ಲಿ ಅನೇಕ ಅಕ್ಷರಗಳು ಸೇರಿ ಒಂದು ಆಕಾರವಾಗುವುದರಿಂದ ಹಿಂದುಮುಂದಾಗುತ್ತದೆ. ಇದಕ್ಕೆ ಉತ್ತಮ ಪರಿಹಾರ, ಪಿಡಿಎಫ್‌ನ ಮೂಲ ಕಡತವನ್ನೇ ಕೇಳಿ ಪಡೆಯುವುದು. ಅದು ಸಿಗದಿದ್ದರೆ, ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶಗಳಿವೆ. ಅವು ಕನ್ನಡವನ್ನೂ ಓದುತ್ತವೆ. ಅನಂತರ ತಿದ್ದುಪಡಿಯ ಕೆಲಸವಂತೂ ತಪ್ಪದು.

ಕಣ್ಣಿಗೆ ಕಾಣದ ದೋಷಗಳೂ ಉಂಟು. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ರೂಪದಲ್ಲಿ ಭೇದ ಸ್ವಲ್ಪ. ಸಂಖ್ಯೆಯಲ್ಲಿ ಒಂದು ೩೨೦೨, ಇನ್ನೊಂದು ೩೩೦೨. ‘ಅಂಗಳ’ವನ್ನು ಅಂಕಿಯ ಸೊನ್ನೆಯಿಂದ ಟೈಪು ಮಾಡಿದವನ ಅಂಗಳ ಹುಡುಕಿದಾಗ ಸಿಗುವುದಿಲ್ಲ. ಹಾಗೆಯೇ ‘ಫಾಂಟ್‌ಗಳು’ ಎಂದು ಬರೆಯುವಾಗ ಟಕಾರಕ್ಕೆ ಗಕಾರ ಒತ್ತಾಗಿ ಅಂಟಿಕೊಳ್ಳದಂತೆ ತಡೆಯಲು ೮೨೦೪ ಎಂಬ ಸಂಖ್ಯೆಯ, ಅಗಲವೇ ಇಲ್ಲದ ಒಂದು ಚಿಹ್ನೆಯನ್ನು ನಡುವೆ ಇಟ್ಟಿರುತ್ತಾರೆ. ಕೆಲವು ತಂತ್ರಾಂಶಗಳು ಅಂಟಿಸುವಾಗ ಈ ಕಾಣದ ಕಾವಲುಗಾರನನ್ನು ಕಿತ್ತುಹಾಕುತ್ತವೆ. ಆಗ ಗಕಾರ ಟಕಾರದ ಕಾಲಿಗೆ ಬೀಳುತ್ತದೆ. ಪದವನ್ನು ಮತ್ತೆ ಟೈಪು ಮಾಡುವುದೊಂದೇ ದಾರಿ.

‘ಕಂಡರಾಯಿತು, ಒಳಗೆ ಯಾವ ಸಂಖ್ಯೆಯಿದ್ದರೇನು?’ ಎಂದು ಕೇಳುವವರಿದ್ದಾರೆ. ನಮ್ಮ ತರಗತಿಯಲ್ಲಿ ಕಣ್ಣು ಕಾಣದ ಸಹಪಾಠಿಯೊಬ್ಬನಿದ್ದಾನೆ. ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅವನು ಓದುತ್ತಾನೆ. ಆ ತಂತ್ರಾಂಶಕ್ಕೆ ಆಕಾರ ಕಾಣದು. ಸಂಖ್ಯೆ ಮಾತ್ರ ಕಾಣುತ್ತದೆ. ಹಳೆಯ ಫಾಂಟಿನಲ್ಲಿ ಸಿದ್ಧವಾದ ಟಿಪ್ಪಣಿಯನ್ನು ಅದು ‘ಪಿ, ಎ, ಪೌಂಡ್, ಎ’ ಎಂದು ಓದತೊಡಗಿದಾಗ ಅವನು ನಕ್ಕುಬಿಟ್ಟ. ನಮಗೆ ನಗು ಬರಲಿಲ್ಲ. ನಮಗೆ ಕನ್ನಡವಾಗಿ ಕಾಣುವುದು ಅವನಿಗೆ ಕನ್ನಡವೇ ಅಲ್ಲ. ಹುಡುಕುಯಂತ್ರಗಳ ಪಾಡೂ ಇದೇ. ಹಳೆಯ ಕ್ರಮದಲ್ಲಿ ಅಂತರಜಾಲಕ್ಕೆ ಏರಿಸಿದ ಕನ್ನಡ, ಕನ್ನಡದಲ್ಲಿ ಹುಡುಕುವವನಿಗೆ ಇಲ್ಲದಂತೆಯೇ.

ಕೊನೆಗೆ ಐದನೆಯ ಲಕ್ಷಣ. ಇದರ ವಿಷಯದಲ್ಲಿ ಮಾತ್ರ ನಾನು ಸ್ವಂತ ಅನುಭವವನ್ನು ಹೇಳಬೇಕಾಗಿದೆ.

ಹಿಂದಿನ ವರ್ಷ ಕನ್ನಡ ವಿಭಾಗದವರು ಗಾದೆಗಳನ್ನು ಸಂಗ್ರಹಿಸಿ ತರಲು ಹೇಳಿದ್ದರು. ನಾನು ರಜೆಯಲ್ಲಿ ಊರಿಗೆ ಹೋಗಿ, ಅಜ್ಜಿಯ ಬಾಯಿಂದ ಕೇಳಿ, ಎರವಲು ತಂದ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಟೈಪು ಮಾಡಿದೆ. ಅಜ್ಜಿಗೆ ಓದು ಬರಹ ಬಾರದು. ತಾನು ಆಡಿದ ಮಾತು ಪರದೆಯ ಮೇಲೆ ಅಕ್ಷರವಾಗುವುದನ್ನು ಕಂಡು, ‘ಇದೇ ಏನು ನಾನು ಅಂದದ್ದು?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನಾಲ್ಕು ದಿನಗಳಲ್ಲಿ ೨೧೪ ಗಾದೆಗಳಾದವು. ಲ್ಯಾಪ್‌ಟಾಪನ್ನು ಮರಳಿಸುವ ದಿನ ಎಲ್ಲವನ್ನೂ ನಕಲಿಸಿ, ಒಂದು ಸರಳ ಬರಹದ ಕಡತದಲ್ಲಿ ಅಂಟಿಸಿ, ಪೆನ್‌ಡ್ರೈವಿಗೆ ಉಳಿಸಿದೆ. ಉಳಿಸುವಾಗ ಇಂಗ್ಲಿಷಿನಲ್ಲಿ ಉದ್ದವಾದ ಒಂದು ಸೂಚನೆ ಬಂದಿತು. ಇಂಗ್ಲಿಷಿನ ಉದ್ದ ವಾಕ್ಯವನ್ನು ಕಂಡರೆ ಓದದೆ ಒಪ್ಪಿಗೆ ಒತ್ತುವುದು ನನ್ನ ಹಳೆಯ ಅಭ್ಯಾಸ. ಒತ್ತಿದೆ. ಮೂಲವನ್ನು ಅಳಿಸಿ ಲ್ಯಾಪ್‌ಟಾಪನ್ನು ಕೊಟ್ಟುಬಂದೆ. ಕಾಲೇಜಿಗೆ ಬಂದು ಕಡತವನ್ನು ತೆರೆದರೆ ಮೊದಲಿನಿಂದ ಕೊನೆಯವರೆಗೆ ಪ್ರಶ್ನಾರ್ಥಕ ಚಿಹ್ನೆಗಳು.

ಆ ಸೂಚನೆಯಲ್ಲಿ ಇದ್ದದ್ದು ಇದೇ: ಈ ಕಡತವನ್ನು ಹಳೆಯ ೨೫೬ ಸ್ಥಾನಗಳ ಕ್ರಮದಲ್ಲಿ ಉಳಿಸಿದರೆ ಯುನಿಕೋಡ್ ಅಕ್ಷರಗಳು ನಷ್ಟವಾಗುತ್ತವೆ. ಚಿಕ್ಕ ಪೆಟ್ಟಿಗೆಯಲ್ಲಿ ೩೨೨೧ ಎಂಬ ಖಾನೆಯೇ ಇಲ್ಲದ್ದರಿಂದ, ಗಣಕ ಪ್ರತಿಯೊಂದು ಕನ್ನಡ ಸಂಖ್ಯೆಯನ್ನೂ ಬಿಸಾಡಿ ಅದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಿತ್ತು. ಇದು ವೇಷಾಂತರವಲ್ಲ, ಮರಣ. ಗೀಚಿನ ಹಿಂದೆ ಕನ್ನಡ ಅಡಗಿರುತ್ತದೆ. ಚೌಕದ ಹಿಂದೆ ಅಡಗಿರುತ್ತದೆ. ಉಳಿಸಿಬಿಟ್ಟ ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಏನೂ ಇಲ್ಲ. ಎಲ್ಲ ಅಕ್ಷರಗಳಿಗೂ ಅದೊಂದೇ ಸಂಖ್ಯೆ ಬಂದಮೇಲೆ ಯಾವ ಪರಿವರ್ತಕ ತಾನೆ ಏನು ಮಾಡೀತು?

ಆದರೂ ಒಂದು ಸುಳಿವು ಉಳಿದಿತ್ತು. ಪದಗಳ ನಡುವಿನ ತೆರಪುಗಳೂ ಸಾಲುಗಳೂ ಆ ಚಿಕ್ಕ ಪೆಟ್ಟಿಗೆಯಲ್ಲಿಯೂ ಇರುವುದರಿಂದ ಅವು ಹಾಗೆಯೇ ಇದ್ದವು. ಒಂದು ಸಾಲಿನಲ್ಲಿ ಎರಡು, ಎಂಟು, ನಾಲ್ಕು, ಐದು ಚಿಹ್ನೆಗಳ ನಾಲ್ಕು ಪದಗಳು. ಬಹಳ ಹೊತ್ತು ನೋಡಿ, ಅದು ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಕಂಡುಕೊಂಡೆ. ‘ಕೈ’ ಎಂಬುದು ಕಕಾರ ಮತ್ತು ಐತ್ವ, ಎರಡು, ‘ಮೊಸರು’ ಐದು, ಲೆಕ್ಕ ಸರಿಹೋಯಿತು. ಹೀಗೆ ಎಣಿಸಿ ಎಣಿಸಿ ಕೆಲವನ್ನು ಪಡೆದೆ. ಊರಿಗೆ ಹೋಗಿ ಅಜ್ಜಿಯನ್ನೇ ಮತ್ತೆ ಕೇಳಿ ಕೆಲವನ್ನು ಬರೆದುಕೊಂಡೆ. ‘ಆವತ್ತು ಏನೇನು ಅಂದೆನೋ, ಮಾತು ಬಂದಾಗ ಬರುತ್ತದೆ, ಕರೆದರೆ ಬರುತ್ತದೆಯೆ?’ ಎಂದಳು. ಒಟ್ಟು ೧೩೧ ಆದವು. ಉಳಿದ ೮೩ ಸಾಲುಗಳು ಇಂದಿಗೂ ಪ್ರಶ್ನಾರ್ಥಕ ಚಿಹ್ನೆಗಳೇ. ಯೋಚಿಸಿದರೆ ಒಂದು ಸಂಗತಿ ಮನಸ್ಸಿಗೆ ಹತ್ತುತ್ತದೆ. ಎಣಿಸಿ ಊಹಿಸಲು ಸಾಧ್ಯವಾದದ್ದು ಎಲ್ಲರಿಗೂ ಗೊತ್ತಿರುವ, ಯಾವ ಪುಸ್ತಕದಲ್ಲಿಯಾದರೂ ಸಿಗುವ ಗಾದೆಗಳನ್ನು ಮಾತ್ರ. ಹೋದವು ಅಜ್ಜಿಗೆ ಮಾತ್ರ ಗೊತ್ತಿದ್ದವು.

ಆದಕಾರಣ ಸಹಪಾಠಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಕನ್ನಡವನ್ನು ಯುನಿಕೋಡಿನಲ್ಲಿಯೇ ಟೈಪು ಮಾಡಿರಿ. ಸರಳ ಕಡತವನ್ನು ಉಳಿಸುವಾಗ ಸಂಕೇತಕ್ರಮ ಯುಟಿಎಫ್-೮ ಆಗಿದೆಯೆ ಎಂದು ನೋಡಿರಿ. ೨೦೧೯ರ ನಂತರದ ವಿಂಡೋಸ್‌ನ ನೋಟ್‌ಪ್ಯಾಡ್ ತಾನಾಗಿಯೇ ಹಾಗೆ ಉಳಿಸುತ್ತದೆ. ಹಳೆಯ ಗಣಕಗಳಲ್ಲಿ ನಾವೇ ಆರಿಸಬೇಕು. ಅಂಟಿಸಿದ್ದು ಕೆಟ್ಟು ಕಂಡರೆ ಗಾಬರಿಯಿಂದ ‘ಉಳಿಸು’ ಎಂಬುದನ್ನು ಒತ್ತಬೇಡಿ. ಕಂಟ್ರೋಲ್ ಮತ್ತು ಝಡ್ ಒತ್ತಿ ಹಿಂದಕ್ಕೆ ಬನ್ನಿ. ನಕಲನ್ನು ಮುಚ್ಚಿ, ಮತ್ತೊಮ್ಮೆ ತೆರೆದು, ಕಣ್ಣಾರೆ ಕನ್ನಡವನ್ನು ಕಾಣುವವರೆಗೆ ಮೂಲವನ್ನು ಅಳಿಸಬೇಡಿ. ಗಣಕ ಕೇಳುವ ಪ್ರಶ್ನೆ ಯಾವ ಭಾಷೆಯಲ್ಲಿದ್ದರೂ ಓದಿ ಉತ್ತರಿಸಿರಿ. ಅರ್ಥವಾಗದಿದ್ದರೆ ಬಲ್ಲವರನ್ನು ಕೇಳಲು ನಾಚಬೇಡಿ. ಅಧ್ಯಾಪಕವರ್ಗದವರಲ್ಲಿಯೂ ಒಂದು ಪ್ರಾರ್ಥನೆ: ಟಿಪ್ಪಣಿಗಳನ್ನು ಯುನಿಕೋಡಿನಲ್ಲಿ ಕೊಟ್ಟರೆ ನಮ್ಮ ಗೆಳೆಯನೂ ನಮ್ಮೊಡನೆ ಓದಬಲ್ಲನು.

ಸಂಚಿಕೆಗೆ ಬಂದ ಆರು ಲೇಖನಗಳೂ ಸರಿಹೋದವು. ಅವುಗಳಲ್ಲಿ ಒಂದೂ ಸತ್ತಿರಲಿಲ್ಲ. ಗೆಳತಿಯ ಕವಿತೆಯನ್ನು ವಾಚಕರು ಈ ಸಂಚಿಕೆಯಲ್ಲಿಯೇ ಓದಬಹುದು. ಅಜ್ಜಿಯ ೧೩೧ ಗಾದೆಗಳನ್ನು ಯುನಿಕೋಡಿನಲ್ಲಿ ಮೂರು ಕಡೆ ಇಟ್ಟಿದ್ದೇನೆ. ನಾಲ್ಕನೆಯದಾಗಿ, ನೋಟುಪುಸ್ತಕದಲ್ಲಿ ಮಸಿಯಿಂದಲೂ ಬರೆದಿದ್ದೇನೆ. ರಜೆಗೆ ಹೋದಾಗಲೆಲ್ಲ ಅದನ್ನು ಜೊತೆಗೆ ಒಯ್ಯುತ್ತೇನೆ. ಮಾತಿನ ಮಧ್ಯೆ ಒಂದೊಂದು ಹೊಸದು ಬರುತ್ತದೆ, ಅಥವಾ ಹಳೆಯದೇ ಮರಳಿ ಬರುತ್ತದೆ. ಈಗ ಲೆಕ್ಕ ೧೩೮.